ಮಾತಿನ ಮೇಡಂ ಬಾರದ ಮಂಗಳವಾರಗಳು

ಫೆಬ್ರವರಿ ೪, ಮಂಗಳವಾರ

ಈ ನೋಟ್‌ಬುಕ್ ಕೊಟ್ಟವರು ಮಾತಿನ ಮೇಡಂ. ಜನವರಿ ಎಂಟಕ್ಕೆ ಇವಳಿಗೆ, ನನ್ನ ಹೆಂಡತಿಗೆ, ಸ್ಟ್ರೋಕ್ ಆಯಿತು. ಬಲಗೈ ಎರಡು ವಾರದಲ್ಲಿ ಸರಿಹೋಯಿತು, ಮಾತು ಮಾತ್ರ ಹೋದದ್ದು ಹೋಗಿಯೇಬಿಟ್ಟಿತು. ಈಗ ಇವಳ ಬಾಯಲ್ಲಿ ಉಳಿದಿರುವುದು ‘ಅದೇ’ ಎಂಬ ಒಂದೇ ಪದ. ನೀರು ಬೇಕಾದರೂ ಅದೇ, ತಲೆ ನೋಯುತ್ತಿದ್ದರೂ ಅದೇ, ನನ್ನನ್ನು ಕರೆಯಲಿಕ್ಕೂ ಅದೇ. ಇಪ್ಪತ್ತೊಂಬತ್ತು ವರ್ಷ ಈ ಮನೆಯ ಮಾತನ್ನೆಲ್ಲ ಇವಳೇ ಆಡಿದ್ದಳು. ನಾನು ಕಟಿಂಗ್ ಶಾಪಿನವನು. ಗಿರಾಕಿಗಳ ಮಾತಿಗೆ ಹೂಂಗುಟ್ಟುವುದಷ್ಟೇ ನನಗೆ ಗೊತ್ತು. ಹಾಲಿನವನ ಜೊತೆ ಜಗಳ, ಮನೆ ಮಾಲೀಕರ ಜೊತೆ ರಾಜಿ, ಬೀಗರಿಗೆ ಉಪಚಾರದ ಮಾತು, ಎಲ್ಲ ಇವಳ ಪಾಲಿಗೆ ಬಿಟ್ಟಿದ್ದೆ.

ಮೇಡಂ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಮಂಗಳವಾರ, ಶುಕ್ರವಾರ ಬಂದು ಇಂಥವರಿಗೆ ಮಾತು ಕಲಿಸುತ್ತಿದ್ದರು. ಹತ್ತು ಚಿತ್ರಗಳ ಪಟ್ಟಿ ಕೊಟ್ಟಿದ್ದಾರೆ: ನೀರು, ಹಾಲು, ಬಾಗಿಲು, ಕುರ್ಚಿ, ದೀಪ, ಹೂವು, ಕೈ, ಮಗು, ಮಳೆ, ಚಮಚ. ದಿನಾ ಸಂಜೆ ತೋರಿಸಿ, ಎಷ್ಟು ಹೇಳಿದಳೆಂದು ಇದರಲ್ಲಿ ಬರೆಯಬೇಕು. “ಮೊದಲ ಆರು ತಿಂಗಳಲ್ಲಿ ಬಂದಷ್ಟು ಮಾತು ಆಮೇಲೆ ಬರೋದು ಕಷ್ಟ. ಕಾಯ್ತಾ ಕೂರಬೇಡಿ” ಅಂದಿದ್ದರು.

ಇವತ್ತು ಹೋದರೆ ಅವರ ಕೊಠಡಿಗೆ ಬೀಗ. ಔಷಧಿ ಕೊಡುವವನು ಕಿಟಕಿಯಿಂದಲೇ ಹೇಳಿದ, “ಮೇಡಂ ಇನ್ನು ಬರಲ್ಲ. ಮೇಲಿಂದ ಆರ್ಡರ್.” ಮೇಲೆ ಅಂದರೆ ಯಾರಪ್ಪ ಎಂದು ಕೇಳಿದೆ. ಅವನು ತಲೆಯೆತ್ತಿ ಫ್ಯಾನ್ ನೋಡಿದ. ದೊಡ್ಡಾಸ್ಪತ್ರೆಗೆ ಫೋನ್ ಮಾಡಿದರೆ ಅಲ್ಲಿ ಹೊಸಬರಿಗೆ ಸೆಪ್ಟೆಂಬರ್‌ನಲ್ಲಿ ಸರದಿಯಂತೆ. ಜುಲೈ ಎಂಟಕ್ಕೇ ಆರು ತಿಂಗಳು ಮುಗಿಯುತ್ತದೆ.

ಪಟ್ಟಿ: ಸೊನ್ನೆ.

ಫೆಬ್ರವರಿ ೭, ಶುಕ್ರವಾರ

ಪಟ್ಟಿ: ಸೊನ್ನೆ. ಚಮಚದ ಚಿತ್ರ ತೋರಿಸಿದರೆ ಇವಳು ನನ್ನನ್ನೇ ದಡ್ಡನನ್ನು ನೋಡುವಂತೆ ನೋಡಿದಳು.

ಫೆಬ್ರವರಿ ೧೧, ಮಂಗಳವಾರ

ಅಂಗಡಿಗೆ ರಜೆ. ನಗರಸಭೆ ಮೆಂಬರ್ ಹತ್ತಿರ ಹೋಗೋಣ ಅಂತ ಅರ್ಜಿ ಬರೆದೆ. ಶಾಲೆ ಬಿಟ್ಟ ಮೇಲೆ ಇಷ್ಟು ಬರೆದದ್ದು ಇದೇ ಮೊದಲು. ಇಂಥದ್ದನ್ನೆಲ್ಲ ಇವಳಿಗೆ ಒಪ್ಪಿಸದೆ ಮನೆಯಿಂದ ಹೊರಡಿಸಿ ಅಭ್ಯಾಸವಿಲ್ಲ, ಹಾಗಾಗಿ ಓದಿ ಹೇಳಿದೆ. ‘ತಮ್ಮ ಪಾದಗಳಲ್ಲಿ ತಲೆಯಿಟ್ಟು ಬೇಡಿಕೊಳ್ಳುವುದೇನೆಂದರೆ’ ಎಂಬಲ್ಲಿಗೆ ಬರುತ್ತಲೇ ಇವಳು ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದಳು. ತೆಗೆಯಬೇಕಂತೆ. ತೆಗೆದೆ.

ಮೆಂಬರ್ ಮನೆಯ ವರಾಂಡದಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಅರ್ಜಿಯನ್ನು ಎರಡು ಸಲ ಓದಿದರು. ಮೂಲೆಯಲ್ಲಿ ‘ಸೂಕ್ತ ಕ್ರಮಕ್ಕೆ’ ಎಂದು ಬರೆದು ಸೀಲು ಒತ್ತಿದರು. ಕಾಫಿ ಕೂಡ ಕೊಡಿಸಿದರು. ಇಷ್ಟು ಸುಲಭವಿತ್ತಾ ಅನ್ನಿಸಿತು.

ಫೆಬ್ರವರಿ ೨೫, ಮಂಗಳವಾರ

ಎರಡು ವಾರವಾಯಿತು, ಮೇಡಂ ಕೊಠಡಿಯ ಬೀಗ ಹಾಗೇ ಇದೆ. ಇವಳನ್ನೂ ಕರೆದುಕೊಂಡು ಮತ್ತೆ ಮೆಂಬರ್ ಮನೆಗೆ ಹೋದೆ. “ವಿಚಾರದಲ್ಲಿದೆ. ಇಂಥವೆಲ್ಲ ನಿಧಾನ” ಅಂದರು. ಇನ್ನೊಂದು ಅರ್ಜಿ ಕೊಡಿ ಎಂದು ಅದಕ್ಕೂ ಸೀಲು ಒತ್ತಿದರು. ಬರುವ ದಾರಿಯಲ್ಲಿ ಇವಳನ್ನು ಪಕ್ಕದ ಮನೆಯ ಅಜ್ಜಿ ನಿಲ್ಲಿಸಿಕೊಂಡು, ಹೇಗಿದ್ದೀಯಮ್ಮ ಅಂದರು. ಇವಳು ‘ಅದೇ’ ಅಂದಳು. ಅಜ್ಜಿ ಹೌದೌದು ಅಂದು ಕಣ್ಣೊರೆಸಿಕೊಂಡರು. ಇವಳಿಗೆ ಅಳುವವರನ್ನು ಕಂಡರೆ ಆಗುವುದಿಲ್ಲ, ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು.

ಮಾರ್ಚ್ ೫, ಬುಧವಾರ

ಮರ್ಯಾದೆ ಹೋಯಿತು. ರಿಟೈರಾದ ಗಣಿತದ ಮೇಷ್ಟ್ರು ಗಡ್ಡಕ್ಕೆ ಕೂತಿದ್ದರು. ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡೇ ಕೇಳಿದರು, “ಅಲ್ಲಯ್ಯ, ಅವನು ಸೋತು ಎರಡು ವರ್ಷ ಆಯ್ತಲ್ಲ. ಅವನ ಹತ್ರ ಯಾಕೆ ಅರ್ಜಿ ಕೊಟ್ಟೆ?”

ಕೈ ನಿಂತುಹೋಯಿತು. ಮೆಂಬರ್ ಸೋತದ್ದು ನನಗೆ ಗೊತ್ತಿಲ್ಲವೇ? ಅವರನ್ನು ಸೋಲಿಸಿದ ಸೈಕಲ್ ಶಾಪಿನವನಿಗೆ ಓಟು ಹಾಕಿದ್ದು ನಾನೇ. ಆದರೆ ಹದಿನೈದು ವರ್ಷ ಬೀದಿಯೆಲ್ಲ ಅವರನ್ನು ಮೆಂಬರ್, ಮೆಂಬರ್ ಎಂದು ಕರೆದು, ಅದೇ ಅವರ ಹೆಸರಾಗಿಹೋಗಿದೆ. ಮೆಂಬರನ್ನು ನೋಡಬೇಕು ಅಂದಕೂಡಲೇ ಕಾಲು ತಾನಾಗಿ ಅವರ ಮನೆಗೇ ಹೋಯಿತು. ಓಟು ಒಬ್ಬನಿಗೆ, ಅರ್ಜಿ ಇನ್ನೊಬ್ಬನಿಗೆ. ಒಂದು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಕಾಯುತ್ತಿದ್ದ ಐದು ಜನರನ್ನೂ ಕೇಳಿದೆ, ನಮ್ಮ ಶಾಸಕರು ಯಾರು, ಸಂಸದರು ಯಾರು ಅಂತ. ದಿನಾ ನನ್ನ ಅಂಗಡಿಯಲ್ಲಿ ಸರ್ಕಾರ ಬೀಳಿಸಿ ಕಟ್ಟುವವರು ಇವರೆಲ್ಲ. ಒಬ್ಬ ಪಕ್ಕದ ಕ್ಷೇತ್ರದವರ ಹೆಸರು ಹೇಳಿದ, ಇನ್ನೊಬ್ಬ ತೀರಿಕೊಂಡವರ ಹೆಸರು ಹೇಳಿದ. ಸಂಸದರ ಹೆಸರು ಗೊತ್ತಿದ್ದದ್ದು ಮೇಷ್ಟ್ರಿಗೊಬ್ಬರಿಗೇ.

ಮಾರ್ಚ್ ೧೧, ಮಂಗಳವಾರ

ಹಳೇ ಮೆಂಬರ್ ಮೇಲೆ ರೇಗಬೇಕೆಂದೇ ಹೋದೆ. “ಸೋತಿದ್ದೀನಿ ಅಂತ ಒಂದು ಮಾತು ಹೇಳಬಾರದಿತ್ತಾ?” ಅಂದೆ. ಇಷ್ಟು ಗಟ್ಟಿಯಾಗಿ ನಾನು ಯಾರ ಜೊತೆಗೂ ಮಾತಾಡಿದವನಲ್ಲ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಎರಡು ವರ್ಷದಿಂದ ಯಾರೂ ಅರ್ಜಿ ಹಿಡ್ಕೊಂಡು ಬಂದಿರ್ಲಿಲ್ಲ. ನೀವು ಬಂದ್ರಿ. ಹೇಳಕ್ಕೆ ಬಾಯಿ ಬರ್ಲಿಲ್ಲ.”

ಆಮೇಲೆ ಅವರೇ ಹಳೆಯ ಕಾಗದದ ಹಿಂದೆ ಬರೆದುಕೊಟ್ಟರು. ಕೊಠಡಿ ನಗರಸಭೆಯದು, ಅದಕ್ಕೆ ಸೈಕಲ್ ಶಾಪಿನವನು. ಮೇಡಂ ಅವರನ್ನು ಯಾವ ಊರಿಗೆ ಹಾಕಬೇಕೆನ್ನುವುದು ರಾಜ್ಯದ್ದು, ಅದಕ್ಕೆ ಶಾಸಕರು. ಮೇಡಂ ಬರುತ್ತಿದ್ದ ಯೋಜನೆಯೇ ಕೇಂದ್ರ ಸರ್ಕಾರದ್ದು, ಅದಕ್ಕೆ ಸಂಸದರು. “ಒಬ್ಬರಿಗೆ ಮಾತ್ರ ಬರೆದ್ರೆ ಇನ್ನಿಬ್ಬರನ್ನ ತೋರಿಸಿ ಕೈ ತೊಳ್ಕೋತಾರೆ. ಮೂವರಿಗೂ ಬರೀರಿ” ಅಂದರು. ಹೊರಡುವಾಗ, ಸೀಲು ಒತ್ತಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಂದರು.

ಪಟ್ಟಿ: ಸೊನ್ನೆ.

ಮಾರ್ಚ್ ೧೬, ಭಾನುವಾರ

ಸೈಕಲ್ ಶಾಪಿನವನಿಗೆ ಬರೆದ ಅರ್ಜಿ ಮೂರು ಪುಟವಾಯಿತು. ಇವಳಿಗೆ ಓದಿದೆ. ಎರಡನೇ ಪುಟಕ್ಕೆ ‘ಉದ್ದ’ ಅಂದಳು. ಇಡೀ ಸಂಜೆ ಕೂತು ಬರೆದವನಿಗೆ ಸಿಟ್ಟು ಬರದೆ ಇರುತ್ತದೆಯೇ? ಮುಂದೆ ಓದಿದರೆ ಮತ್ತೆ ‘ಉದ್ದ’. ಕತ್ತರಿಸಿ ಒಂದು ಪುಟ ಮಾಡಿದೆ. ಗೊಣಗುತ್ತಲೇ ಮಾಡಿದೆ.

ಹೊತ್ತಾಗಿತ್ತು. ಪಟ್ಟಿ ತೋರಿಸಲು ಆಗಲಿಲ್ಲ.

ಮಾರ್ಚ್ ೧೮, ಮಂಗಳವಾರ

ಸೈಕಲ್ ಶಾಪಿನವನು, ಅಂದರೆ ನಿಜವಾದ ಮೆಂಬರ್, ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಕೈ ಒರೆಸಿಕೊಂಡು ಓದಿದ. “ರೂಮು ನಂದು ಅಣ್ಣ, ಮೇಡಂ ನಂದಲ್ಲ. ಮೇಡಂ ಬರ್ತಾರೆ ಅಂತ ಕಾಗದ ತನ್ನಿ, ರೂಮು ಕೊಡಿಸ್ತೀನಿ.” ಸುಳ್ಳು ಹೇಳುವ ಮುಖವಲ್ಲ. ಆದರೆ ಸುಸ್ತು ಕಂಡಿತು. ಚರಂಡಿಯದ್ದು, ಬೀದಿ ದೀಪದ್ದು, ನಾಯಿಯದ್ದು ಎಂದು ಅವನ ಗಲ್ಲಾಪೆಟ್ಟಿಗೆಯ ತುಂಬ ಅರ್ಜಿ.

ಮಾರ್ಚ್ ೨೫, ಮಂಗಳವಾರ

ಶಾಸಕರ ಕಚೇರಿ. ಒಂಬತ್ತಕ್ಕೆ ಹೋಗಿ ಕೂತವನು ಎರಡು ಗಂಟೆಗೆ ಅವರ ಸಹಾಯಕನ ಮುಂದೆ ನಿಂತೆ. ಅವನು ಎರಡು ಫೋನು ಎರಡು ಕಿವಿಗೆ ಇಟ್ಟುಕೊಂಡೇ ಅರ್ಜಿಯ ತಲೆಬರಹ ನೋಡಿ ಮೊಣಕೈಯಿಂದ ವಾಪಸ್ ತಳ್ಳಿದ. “ಈ ವಿಳಾಸ ನಮ್ಮ ಕ್ಷೇತ್ರ ಅಲ್ಲ.”

ಅಂಗಡಿಯ ವಿಳಾಸ ಬರೆದಿದ್ದೆ. ಯಾರು ಕೇಳಿದರೂ ಬರೆದು ಅಭ್ಯಾಸವಾದದ್ದು ಅದೇ. ರಸ್ತೆಯ ಆಚೆ ಬದಿ ಬೇರೆ ಕ್ಷೇತ್ರವಂತೆ. ನಾನು ಹೆಂಡತಿಯ ಜೊತೆ ಇರುವುದು ಒಬ್ಬ ಶಾಸಕರ ಕೆಳಗೆ, ಗಡ್ಡ ಹೆರೆಯುವುದು ಇನ್ನೊಬ್ಬರ ಕೆಳಗೆ. ಮನೆ ನಿಮ್ಮ ಕ್ಷೇತ್ರದಲ್ಲೇ ಇದೆ ಸ್ವಾಮಿ, ಅಂಗಡಿಯಿಂದ ನಡೆದರೆ ನಾಲ್ಕು ನಿಮಿಷ ಅಂದೆ. ಬರೆದುಕೊಂಡು ಬನ್ನಿ ಅಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಇಲ್ಲಿ ದೇವರ ಮುಖ ಕೂಡ ಕಂಡಿಲ್ಲ.

ಮನೆಗೆ ಬಂದು ಇವಳಿಗೆ ಎಲ್ಲ ಹೇಳಿದೆ. ಅವನು ಫೋನ್ ಹಿಡಿದ ರೀತಿಯನ್ನೂ ಮಾಡಿ ತೋರಿಸಿದೆ. ನಕ್ಕಳು. ಊಟ ಅರ್ಧ ಬಿಟ್ಟು ಮಲಗಿದ್ದು ನಾನೇ.

ಏಪ್ರಿಲ್ ೧, ಮಂಗಳವಾರ

ಮನೆ ವಿಳಾಸ ಬರೆದು ಮತ್ತೆ ಹೋದೆ. ಸಹಾಯಕ ಓದಿ, “ಆ ಯೋಜನೆನೇ ಮುಗಿದಿದೆ. ಮುಗಿದಿಲ್ಲ ಅಂತ ಕೇಂದ್ರದಿಂದ ಕಾಗದ ತಂದ್ರೆ ನೋಡೋಣ” ಅಂದ. ಕಾಲು ನೋಯುತ್ತದೆ. ದಿನವಿಡೀ ನಿಂತು ಕೆಲಸ ಮಾಡುವವನಿಗೆ ಕೂತು ಕಾಯುವುದು ಇಷ್ಟು ದಣಿವು ಎಂದು ಗೊತ್ತಿರಲಿಲ್ಲ.

ಪಟ್ಟಿ: ಸೊನ್ನೆ. ನನಗೂ ತೋರಿಸುವ ಮನಸ್ಸಿರಲಿಲ್ಲ, ಇವಳಿಗೂ ನೋಡುವ ಮನಸ್ಸಿರಲಿಲ್ಲ.

ಏಪ್ರಿಲ್ ೧೫, ಮಂಗಳವಾರ

ಸಂಸದರಿಗೆ ಅರ್ಜಿ. ವಿಳಾಸ ಹುಡುಕಿ ಕೊಟ್ಟದ್ದು ಮದುವೆಯಾಗಿ ಬೇರೆ ಊರಲ್ಲಿರುವ ಮಗಳು, ಫೋನಿನಲ್ಲಿ. “ಅಪ್ಪಾ, ಓಟರ್ ಕಾರ್ಡಲ್ಲಿರೋ ನಂಬರ್ ಹೇಳು, ಯಾವ ಕ್ಷೇತ್ರ ಅಂತ ಗೊತ್ತಾಗುತ್ತೆ” ಅಂದಳು. ಮೂರು ಗಂಟೆ ಹುಡುಕಿದೆ. ಇವಳು ಎದ್ದುಹೋಗಿ ಹಾಸಿಗೆ ಕೆಳಗಿಂದ ತೆಗೆದುಕೊಟ್ಟಳು. ಕೇಳಿದ್ದರೆ ಆಗುತ್ತಿತ್ತು, ಕೇಳಲು ಹೊಳೆಯಲಿಲ್ಲ.

ನೂರಾರು ರೋಗಿಗಳು ಪರದಾಡುತ್ತಿದ್ದಾರೆ ಎಂದು ಬರೆದಿದ್ದೆ. ಓದಿದಾಗ ಇವಳು ‘ಸುಳ್ಳು’ ಅಂದಳು. ಅರ್ಜಿ ಅಂದಮೇಲೆ ಸ್ವಲ್ಪ ಉಪ್ಪು ಖಾರ ಬೇಕಲ್ಲವೇ ಅಂದೆ. ‘ಸುಳ್ಳು, ಸುಳ್ಳು’ ಎಂದು ಮೇಜು ತಟ್ಟಿದಳು. ಹೋಗಲಿ ಎಂದು ಆರೋಗ್ಯ ಕೇಂದ್ರದ ಹಳೆಯ ರಿಜಿಸ್ಟರ್ ನೋಡಿಬಂದು ಹನ್ನೊಂದು ಜನ ಎಂದು ತಿದ್ದಿದೆ. ಬರೀ ಹನ್ನೊಂದು ಜನಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೋ ದೇವರೇ ಬಲ್ಲ. ಮಗಳು ಈ-ಮೇಲ್ ಕೂಡ ಮಾಡಿದಳು, ನಾನು ರಿಜಿಸ್ಟರ್ಡ್ ಪೋಸ್ಟ್ ಮಾಡುತ್ತೇನೆ.

ಏಪ್ರಿಲ್ ೨೯, ಮಂಗಳವಾರ

ಎಲ್ಲಿಗೂ ಹೋಗಲಿಲ್ಲ. ಮಲಗಿದ್ದೆ.

ಮೇ ೬, ಮಂಗಳವಾರ

ಸಂಸದರ ಕಚೇರಿಯಿಂದ ಉತ್ತರ. ಓಡಿಹೋಗಿ ಅಂಚೆಯವರ ಕೈಯಿಂದ ಕಿತ್ತುಕೊಂಡೆ. ಒಂದೇ ಸಾಲು, ‘ತಮ್ಮ ಪತ್ರ ಸ್ವೀಕೃತವಾಗಿದೆ’, ಕೆಳಗೊಂದು ನಂಬರು. ನಾಲ್ಕು ತಿಂಗಳು ಕಳೆಯುತ್ತಾ ಬಂತು. ಉಳಿದಿರುವುದು ಎರಡು. ಈ ನಂಬರು ತೆಗೆದುಕೊಂಡು ತಲೆಗೆ ಸುತ್ತಿಕೊಳ್ಳಲೇ? ಇವಳ ಮುಂದೆ ಕಾಗದ ಎಸೆದೆ. ಇವಳು ಎತ್ತಿಕೊಂಡು, ನಂಬರಿನ ಮೇಲೆ ಬೆರಳಿಟ್ಟು, ‘ಯಾವಾಗ?’ ಅಂದಳು. ನನಗೇನು ಗೊತ್ತು ಅಂದೆ. ‘ಯಾವಾಗ... ಕೇಳಿ’ ಅಂದಳು. ಸರಿ, ಆ ನಂಬರು ಹಾಕಿ, ಯಾವ ತಾರೀಖಿನೊಳಗೆ ಉತ್ತರ ಕೊಡುತ್ತೀರಿ ಎಂದು ಮತ್ತೊಂದು ಬರೆದೆ. ಎರಡೇ ಸಾಲು. ಇವಳ ಕಾಟಕ್ಕೆ ಈಗ ಉದ್ದ ಬರೆಯುವ ಅಭ್ಯಾಸವೇ ತಪ್ಪಿದೆ.

ಮೇ ೨೧, ಬುಧವಾರ

ಅಂಗಡಿಯಲ್ಲಿ ಯಾರೋ, ನಮ್ಮ ಬೀದಿಯ ನೀರಿನ ಪೈಪಿಗೆ ಯಾರನ್ನು ಹಿಡೀಬೇಕು ಎಂದು ಕೇಳಿದ. ನಾನು ಹೇಳಿದೆ: ಬೀದಿಯೊಳಗಿನ ಪೈಪು ನಗರಸಭೆ, ದೊಡ್ಡ ಪೈಪು ರಾಜ್ಯ. ನಿಮ್ಮ ಮನೆ ಯಾವ ಬದಿಗಿದೆ ನೋಡಿಕೊಳ್ಳಿ, ಅಂಗಡಿ ವಿಳಾಸ ಬರೆಯಬೇಡಿ, ಒಂದೇ ಪುಟ ಬರೀರಿ, ತಾರೀಖು ಕೇಳಿ. ಮೇಷ್ಟ್ರು ಕನ್ನಡಿಯಲ್ಲೇ ನೋಡಿ, “ಏನಯ್ಯ, ಇತ್ತೀಚೆಗೆ ಕತ್ತರಿಗಿಂತ ಬಾಯೇ ಜಾಸ್ತಿ ಓಡ್ತಿದೆ” ಅಂದರು. ಕೂದಲು ಹೆಚ್ಚು ಕತ್ತರಿಸಿಬಿಟ್ಟೆನೇನೋ ಎಂದು ಹೆದರಿದೆ. ಸರಿಯಾಗೇ ಇತ್ತು.

ಪಟ್ಟಿ: ಎರಡು. ನೀರು, ಕೈ. ಹೂವು ಕೇಳಿದರೆ ‘ಬೇಡ’ ಅಂದಳು. ಬೇಡ ಎಂಬ ಪದ ಪಟ್ಟಿಯಲ್ಲಿಲ್ಲ, ಲೆಕ್ಕಕ್ಕಿಲ್ಲ.

ಜೂನ್ ೩, ಮಂಗಳವಾರ

ಬಂತು. ಸಂಸದರ ಸಹಿ ಇರುವ ನಿಜವಾದ ಕಾಗದ. ಯೋಜನೆ ಮುಗಿದಿಲ್ಲ, ಬರುವ ಮಾರ್ಚ್‌ವರೆಗೆ ಮಂಜೂರಾಗಿದೆ, ಮೇಡಂ ಅವರನ್ನು ಕಳಿಸಲು ಕೇಂದ್ರದ ಅಡ್ಡಿಯಿಲ್ಲ. ಇವಳಿಗೆ ಓದಿದೆ. ಇವಳು ನನ್ನ ಕೈಯಿಂದ ತೆಗೆದುಕೊಂಡು ತಾನೂ ಬೆರಳಿಟ್ಟು ನೋಡಿದಳು. ‘ಜೆರಾಕ್ಸ್’ ಅಂದಳು. ಹೌದಲ್ಲ, ಮೂಲಪ್ರತಿ ಕೊಟ್ಟರೆ ಆ ಎರಡು ಫೋನಿನವನು ಕಳೆದುಹಾಕುತ್ತಾನೆ. ನಾಲ್ಕು ಮಾಡಿಸಿದೆ.

ಜೂನ್ ೧೦, ಮಂಗಳವಾರ

ಶಾಸಕರ ಕಚೇರಿ, ಮೂರನೆಯ ಸಲ. ಇವಳನ್ನೂ ಕರೆದುಕೊಂಡು ಹೋಗಿದ್ದೆ, ಮನೆಯಲ್ಲಿ ಇವಳ ಜೊತೆಗಿರಲು ಇವತ್ತು ಯಾರೂ ಇರಲಿಲ್ಲ. ಶಾಸಕರು ಕಾರು ಹತ್ತುವ ಹೊತ್ತಿಗೆ ಅಡ್ಡ ನಿಂತೆ. ಅಷ್ಟು ಜನರ ಮುಂದೆ ನಾನು ಹೇಳಿದ್ದಿಷ್ಟು, “ನಿಮ್ಮ ಕ್ಷೇತ್ರದ ಹನ್ನೊಂದು ಜನಕ್ಕೆ ಮಾತಿಲ್ಲ. ಮಾತು ಕಲಿಸೋರು ಫೆಬ್ರವರಿಯಿಂದ ಬಂದಿಲ್ಲ. ಇಲ್ಲಿದೆ ಕೇಂದ್ರದ ಕಾಗದ. ಯಾವ ತಾರೀಖಿಗೆ ಕಳಿಸ್ತೀರಿ?” ಅವರು ಓದಿದರು. ಸಹಾಯಕನನ್ನು ಕರೆದು, ಇದು ನನಗೆ ಯಾಕೆ ಬಂದಿಲ್ಲ ಎಂದು ಕೇಳಿದರು. ಅವನು ಒಂದು ಫೋನು ಕಿಸೆಗೆ ಹಾಕಿಕೊಂಡ.

ಬಸ್ಸಿನಲ್ಲಿ ಇವಳು ನನ್ನ ಕೈ ಹಿಡಿದುಕೊಂಡಳು.

ಜೂನ್ ೧೭, ಮಂಗಳವಾರ

ಆದೇಶದ ಪ್ರತಿ ಬಂತು: ‘ಕೊಠಡಿ ಲಭ್ಯವಿದ್ದಲ್ಲಿ, ಪ್ರತಿ ಮಂಗಳವಾರ.’ ಶುಕ್ರವಾರ ಇಲ್ಲ. ಇರಲಿ, ಒಂದಾದರೂ ಸಿಕ್ಕಿತು. ಸೈಕಲ್ ಶಾಪಿಗೆ ಓಡಿದೆ. ಅವನು ಆದೇಶ ಓದಿ, “ಕೊಡಿಸ್ತೀನಿ ಅಂದಿದ್ನಲ್ಲ ಅಣ್ಣ. ಆದ್ರೆ ಬೀಗದ ಕೈ ಎಲ್ಲಿದೆಯೋ ಗೊತ್ತಿಲ್ಲ” ಅಂದ. ಮನೆಗೆ ಬಂದು ತಲೆ ಹಿಡಿದುಕೊಂಡು ಕೂತೆ. ಇವಳು, ‘ಬೀಗ... ಯಾರು ಹಾಕಿದ್ದು?’ ಅಂದಳು. ಅದೇ ತಾನೇ ಗೊತ್ತಿಲ್ಲದ್ದು ಎಂದು ರೇಗಿದೆ. ‘ಹಳೇ... ಮೆಂಬರ್. ಕೇಳಿ’ ಅಂದಳು. ಇವಳು ಹೇಳುವುದು ಯಾವಾಗಲೂ ಹೀಗೇ, ಸುಲಭವಾಗಿ ಹೇಳಿಬಿಡುತ್ತಾಳೆ, ಅಲೆಯುವವನು ನಾನು.

ಜೂನ್ ೨೪, ಮಂಗಳವಾರ

ಬೀಗದ ಕೈ ಯಾರ ಹತ್ತಿರ ಇರುತ್ತದೆಂದು ಹಳೇ ಮೆಂಬರಿಗೆ ಗೊತ್ತಿತ್ತು, ನಗರಸಭೆಯ ಚುನಾವಣೆ ಗುಮಾಸ್ತನ ಹತ್ತಿರ. ಕಳೆದ ಚುನಾವಣೆಯಲ್ಲಿ ಓಟು ಹಾಕುವಾಗ ಮರೆಗೆ ಇಡುವ ರಟ್ಟಿನ ಗೂಡುಗಳನ್ನೆಲ್ಲ ಆಮೇಲೆ ಒಯ್ಯೋಣ ಎಂದು ಆರೋಗ್ಯ ಕೇಂದ್ರದ ಮುಂದಿನ ಕೊಠಡಿಯಲ್ಲಿ ಇಟ್ಟಿದ್ದರಂತೆ. ಆ ಕೊಠಡಿ ಈ ವರ್ಷ ಲಸಿಕೆಗೆ ಬೇಕಾಗಿ, ಎಲ್ಲವನ್ನೂ ಮೇಡಂ ಕೊಠಡಿಗೆ ತುಂಬಿ ಬೀಗ ಜಡಿದಿದ್ದಾರೆ. ಕೊಠಡಿ ಇಲ್ಲ ಎಂದು ಯಾರೋ ಬರೆದರು, ಮೇಡಂ ಅವರನ್ನು ಯಾರೋ ಬೇರೆ ಕಡೆ ಹಾಕಿದರು.

ಗೆದ್ದ ಮೆಂಬರ್, ಸೋತ ಮೆಂಬರ್, ನಾನು, ಮೂವರೂ ಸೇರಿ ಹೊರಗೆ ಹೊತ್ತು ಹಾಕಿದೆವು. ಮೆಂಬರುಗಳಿಬ್ಬರೂ ಒಂದೇ ಗೂಡಿನ ಎರಡು ತುದಿ ಹಿಡಿದು ನಡೆದರು. ಇವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ‘ನಿಧಾನ’, ‘ಮೂಲೆ ನೋಡಿ’ ಅನ್ನುತ್ತಿದ್ದಳು. ಸೊಂಟ ಹಿಡಿದುಕೊಂಡಿದೆ.

ಪಟ್ಟಿ ತೋರಿಸಿ ಎಷ್ಟು ದಿನವಾಯಿತೋ ಲೆಕ್ಕವಿಲ್ಲ. ಮೇಡಂ ಕೇಳಿದರೆ ಯಾವ ಮುಖ ಹೊತ್ತು ಹೇಳಲಿ?

ಜುಲೈ ೮, ಮಂಗಳವಾರ

ಮಾತಿನ ಮೇಡಂ ಬಂದರು. ಹನ್ನೊಂದು ಜನರಲ್ಲಿ ಒಂಬತ್ತು ಜನ ಬೆಂಚಿನ ಮೇಲಿದ್ದರು. ಒಬ್ಬರು ಊರು ಬಿಟ್ಟಿದ್ದಾರೆ. ಇನ್ನೊಬ್ಬರು ಮೇ ತಿಂಗಳಲ್ಲಿ ತೀರಿಕೊಂಡರಂತೆ, ಅವರ ಮಗ ಬಂದು ಹೇಳಿಹೋದ.

ನಮ್ಮ ಸರದಿ ಬಂತು. ಮೇಡಂ ಹತ್ತು ಚಿತ್ರ ತೋರಿಸಿದರು. ನೀರು, ಕೈ, ಬಾಗಿಲು. ಅಷ್ಟೇ. ಆರು ತಿಂಗಳು ಇವತ್ತಿಗೆ ಮುಗಿಯಿತು, ಹತ್ತಕ್ಕೆ ಮೂರು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

“ತಪ್ಪು ನಂದೇ ಮೇಡಂ” ಅಂದೆ. “ಸರಿಯಾಗಿ ಅಭ್ಯಾಸ ಮಾಡಿಸ್ಲಿಲ್ಲ. ಸಂಜೆಯೆಲ್ಲ ಅರ್ಜಿ ಬರೆಯೋದ್ರಲ್ಲೇ ಹೋಯ್ತು.”

ಮೇಡಂ ಇವಳ ಕಡೆ ತಿರುಗಿದರು. “ಇವರು ಅರ್ಜಿ ಬರೀತಿದ್ರೆ ನೀವೇನ್ ಮಾಡ್ತಿದ್ರಿ?”

ಇವಳ ಬದಲು ನಾನು ಹೇಳಹೊರಟರೆ ಮೇಡಂ ಕೈಯೆತ್ತಿ ತಡೆದರು.

“ಬರೀತಾರೆ... ಉದ್ದ” ಅಂದಳು. “ನಾನು... ತಿದ್ತೀನಿ.”

ಮೇಡಂ ಪೆನ್ನು ಕೆಳಗಿಟ್ಟರು. “ಇನ್ನೊಂದು ಸಲ ಹೇಳಿ” ಅಂದರು.

“ಯಾಕೆ?” ಅಂದಳು ಇವಳು.

ಮೇಡಂ ಫೈಲಿನಲ್ಲಿ ತುಂಬ ಹೊತ್ತು ಬರೆದರು. ಪಟ್ಟಿ ಇನ್ನು ಬೇಡ ಎಂದು ವಾಪಸ್ ತೆಗೆದುಕೊಂಡರು. ಕೈಬಿಟ್ಟರೇನೋ ಎಂದು ದಾರಿಯುದ್ದಕ್ಕೂ ನನಗೆ ಅದೇ ಕೊರಗು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇವಳು ಕೇಳಿದಳು, “ಶುಕ್ರವಾರ?”

“ಶುಕ್ರವಾರ ಕೊಟ್ಟಿಲ್ಲ. ಮಂಗಳವಾರ ಮಾತ್ರ.”

“ಬರೀರಿ.”

“ಯಾರಿಗೆ?”

“ಮೂವರಿಗೂ.”

“ನಂಗೆ ಸುಸ್ತಾಗಿದೆ ಕಣೇ” ಅಂದೆ. “ನಿಜವಾಗ್ಲೂ ಸುಸ್ತಾಗಿದೆ.”

“ನಂಗಿಲ್ಲ” ಅಂದಳು.

ಈ ಮನೆಯಲ್ಲಿ ನನಗೆ ಯಾರಾದರೂ ಹೀಗೆ ಎದುರು ಮಾತಾಡಿ ಆರು ತಿಂಗಳಾಗಿತ್ತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಹೊರಗೆ ಬಂದರೆ ಮೇಜಿನ ಮೇಲೆ ಕಾಗದ ಇಟ್ಟಿದ್ದಳು, ಎದುರಿನ ಕುರ್ಚಿಯಲ್ಲಿ ಕೂತಿದ್ದಳು.